ಪೊರೆ ಬಿಡುವ ಜೇಡವನ್ನು ಮುಟ್ಟದೆ ನೋಡಿ

ಮಳೆ ಇಳಿದ ಮೇಲೆ ಕೊಡಗಿನ ಕಾಫಿ ತೋಟದಲ್ಲಿ ಮುಖಕ್ಕೆ ಅಡ್ಡ ಬರುವ ಹೊಂಬಣ್ಣದ ದೊಡ್ಡ ಬಲೆ ನಿಮಗೆ ಹೊಸದಲ್ಲ. ಅದರ ನಡುವೆ ಅಂಗೈ ಅಗಲಕ್ಕೆ ಕಾಲು ಚಾಚಿ ಕುಳಿತದ್ದು ಹೆಣ್ಣು ಜೇಡ; ಗಂಡು ಇರುವೆಯಷ್ಟೇ. ಇದಕ್ಕೆ ಬೀಳುವುದು ಹಾರುವ ಕೀಟಗಳು. ಜೇನ್ನೊಣವೂ ಬೀಳುವುದುಂಟು, ನಿಜ.

ಜೇಡದ ಹೊರಚಿಪ್ಪು ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಾವಿನಂತೆ ಪೊರೆ ಬಿಡಲೇಬೇಕು. ಆಗ ಅದು ಬಲೆಯಿಂದ ನೂಲು ಹಿಡಿದು ಜೋತುಬೀಳುತ್ತದೆ. ಮೈಯ ರಕ್ತವನ್ನು ತಲೆಯ ಕಡೆಗೆ ಒತ್ತುತ್ತದೆ. ಅಲ್ಲಿಯ ಚಿಪ್ಪು ಡಬ್ಬಿಯ ಮುಚ್ಚಳದಂತೆ ಏಳುತ್ತದೆ. ಬಳಿಕ ಎಂಟು ಕಾಲುಗಳನ್ನೂ ಕಾಲುಚೀಲದಿಂದ ಎಳೆದಂತೆ ಹೊರಗೆಳೆಯಬೇಕು. ಕಷ್ಟವೆಂದರೆ ಇದೇ. ಕಾಲು ಸಿಕ್ಕಿಕೊಂಡರೆ ಮುರಿದೀತು, ಜೀವವೂ ಹೋದೀತು. ಹೊರಬಂದ ಜೇಡದ ಮೈ ಮೆತ್ತಗೆ. ಗಟ್ಟಿಯಾಗುವ ತನಕ ಓಡಲಾರದು, ಕಚ್ಚಲಾರದು.

ಆದುದರಿಂದ ಚಿತ್ರ ತೆಗೆಯುವವರು ಬಲೆ ಕಟ್ಟಿದ ಕೊಂಬೆಯನ್ನು ಸರಿಸಬೇಡಿ, ಊದಬೇಡಿ. ಮೊಬೈಲನ್ನು ಕೋಲಿಗೆ ಒರಗಿಸಿ ದೂರದಿಂದಲೇ ತೆಗೆಯಿರಿ. ಗಾಳಿಯಿಲ್ಲದ ಮುಂಜಾನೆಯಾದರೆ ಒಳ್ಳೆಯದು. ಮರಗಸಿಯ ಆಳುಗಳಿಗೂ ಹೇಳಿಡಿ.

ತೂಗುವ ಬರಿಯ ಪೊರೆಯನ್ನು ಕಂಡು, ಔಷಧಿಗೆ ಸತ್ತ ಜೇಡವೆಂದು ಎಣಿಸುವವರುಂಟು. ಎತ್ತಿ ನೋಡಿ: ತೂಕವಿಲ್ಲ, ತಲೆಯ ಮುಚ್ಚಳ ತೆರೆದಿದೆ, ಹೊಟ್ಟೆಯ ಭಾಗ ಮುದುಡಿದೆ. ಜೇಡ ಅಲ್ಲೇ ಪಕ್ಕದಲ್ಲಿದ್ದೀತು. ಅಂಥ ಗಿಡದ ಬಳಿ ಆ ದಿನ ಸಿಂಪಡಿಸುವ ಯಂತ್ರ ಒಯ್ಯಬೇಡಿ.