ಸುಟ್ಟ ಜಾಗದಲ್ಲೇ ಮತ್ತೆ ಪ್ರಾರ್ಥನೆ



ಯೆಹೂದ್ಯರು ಪ್ರಾರ್ಥನೆಗೆ ಸೇರುವ ಮಂದಿರಕ್ಕೆ ಸಿನಗಾಗ್ ಅಂತಾರೆ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ, ಎಲ್ಬೆ ನದಿಯ ಹತ್ತಿರ, 1840ರಲ್ಲಿ ಅಂಥ ಒಂದು ದೊಡ್ಡ ಮಂದಿರ ಕಟ್ಟಿ ಮುಗಿಸಿದ್ರು. ಗಾಟ್‌ಫ್ರೀಡ್ ಸೆಂಪರ್ ಎಂಬ ಹೆಸರಾಂತ ಶಿಲ್ಪಿ ಅದರ ನಕ್ಷೆ ಮಾಡಿದ್ದರು.

ಅದಕ್ಕೆ ಏನಾಯ್ತು?

1938ರ ನವೆಂಬರ್ 9ರ ರಾತ್ರಿ ನಾಜಿಗಳು ಅದಕ್ಕೆ ಬೆಂಕಿ ಹಚ್ಚಿದರು. ಆಮೇಲೆ ಉಳಿದ ಗೋಡೆಗಳನ್ನೂ ಕೆಡವಿದರು. ಕೆಡವಿದ ಖರ್ಚನ್ನು ಯೆಹೂದ್ಯರ ತಲೆಗೇ ಕಟ್ಟಿದರು! ಆದರೆ ಆಲ್ಫ್ರೆಡ್ ನಾಯ್‌ಗೆಬಾವರ್ ಎಂಬ ಅಗ್ನಿಶಾಮಕ ನೌಕರ ಗೋಪುರದ ಮೇಲಿದ್ದ ದಾವೀದನ ನಕ್ಷತ್ರವನ್ನು ಎತ್ತಿಟ್ಟುಕೊಂಡರು. ಗೊತ್ತಾಗಿದ್ರೆ ಅವರ ಗತಿ ನೆಟ್ಟಗಿರ್ತಿರಲಿಲ್ಲ. ಯುದ್ಧ ಮುಗಿಯುವ ತನಕ ಅದನ್ನು ಬಚ್ಚಿಟ್ಟು, 1949ರಲ್ಲಿ ಯೆಹೂದ್ಯ ಸಮುದಾಯಕ್ಕೆ ಒಪ್ಪಿಸಿದರು.

ಜನ ಎಲ್ಲಿಂದ ಬಂದರು?

1933ರಲ್ಲಿ ಆ ಊರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಯೆಹೂದ್ಯರಿದ್ದರು. ಕೆಲವರು ದೇಶ ಬಿಟ್ಟು ಓಡಿದರು, ಅನೇಕರನ್ನು ಕೊಂದರು. 1989ರ ಹೊತ್ತಿಗೆ ಸಮುದಾಯದಲ್ಲಿ ನೂರು ಮಂದಿಯೂ ಇರಲಿಲ್ಲ. ಸ್ಮಶಾನದ ಪಕ್ಕದ ಚಿಕ್ಕ ಮಂದಿರದಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. 1990ರ ನಂತರ ಹಿಂದಿನ ಸೋವಿಯತ್ ದೇಶಗಳಿಂದ ಯೆಹೂದ್ಯ ಕುಟುಂಬಗಳು ಬಂದು ನೆಲೆಸಿದವು. ಸಂಖ್ಯೆ ನೂರಾರಾಯ್ತು, ಚಿಕ್ಕ ಮಂದಿರ ಸಾಲದಾಯ್ತು.

ಹೊಸದು ಹೇಗಿದೆ?

ಹಳೆಯ ಮಂದಿರವಿದ್ದ ಜಾಗದಲ್ಲೇ ಹೊಸದನ್ನು ಕಟ್ಟಿ, 2001ರ ನವೆಂಬರ್ 9ರಂದು, ಅಂದ್ರೆ ಸುಟ್ಟ ದಿನವೇ, ಉದ್ಘಾಟಿಸಿದರು. ಹಳೆಯದರ ನಕಲು ಮಾಡಲಿಲ್ಲ. ಅದೇ ಊರಿನ ಫ್ರೌಎನ್‌ಕಿರ್ಶೆ ಚರ್ಚನ್ನು 2005ರಲ್ಲಿ ಮೊದಲಿದ್ದ ಹಾಗೇ ಕಟ್ಟಿ ಮುಗಿಸಿದರು. ಸಿನಗಾಗನ್ನು ಹಾಗೆ ಕಟ್ಟಿದ್ರೆ ಏನೂ ಆಗಿಲ್ಲವೇನೋ ಅನ್ನಿಸುತ್ತಿತ್ತು.

ಅಲ್ಲಿನ ಯೆಹೂದ್ಯರು ಪೂರ್ವಕ್ಕೆ, ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸಬೇಕು. ಆದರೆ ಸಿಕ್ಕ ಜಾಗ ಇಕ್ಕಟ್ಟು, ನೇರ ಪೂರ್ವಕ್ಕಿರಲಿಲ್ಲ. ಅದಕ್ಕೆ ಕಲ್ಲಿನ ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರು. ಹೀಗೆ ಗೋಡೆ ಮೇಲಕ್ಕೆ ಹೋಗ್ತಾ ಹೋಗ್ತಾ ಪೂರ್ವಕ್ಕೆ ತಿರುಗುತ್ತದೆ. ಒಳಗೆ ಲೋಹದ ಬಲೆಯ ಪರದೆಗಳನ್ನು ಇಳಿಬಿಟ್ಟಿದ್ದಾರೆ. ಕಲ್ಲು ಜೆರುಸಲೇಮಿನ ದೇವಾಲಯವನ್ನೂ, ಪರದೆ ಮೋಶೆಯ ಕಾಲದ ಗುಡಾರವನ್ನೂ ನೆನಪಿಸುತ್ತವೆ. ಎದುರಿಗೆ ಸಮುದಾಯ ಭವನ. ನಡುವಿನ ಅಂಗಳದಲ್ಲಿ ಹಳೆಯ ಮಂದಿರದ ಗುರುತು ಹಾಕಿದ್ದಾರೆ. ಅಲ್ಲಿ ಏನನ್ನೂ ಕಟ್ಟಿಲ್ಲ.

ನಾಯ್‌ಗೆಬಾವರ್ ಉಳಿಸಿದ ಆ ನಕ್ಷತ್ರ ಈಗ ಹೊಸ ಮಂದಿರದ ಬಾಗಿಲ ಮೇಲಿದೆ. ಒಳಗೆ ಹೋಗುವವರೆಲ್ಲ ಅದರ ಕೆಳಗೇ ಹಾದು ಹೋಗ್ತಾರೆ.