ಹೊಗೆಯ ಕೆಮ್ಮು: ಕಾವಲು ಕಣಗಳಿಂದಲೇ ಹಾನಿ

ಅಡಿಕೆ ಬೇಯಿಸುವ ಕಾಲ ಬಂತೆಂದರೆ ಹಂಡೆಯ ಒಲೆಯ ಮುಂದೆ ಕೂರುವವರಿಗೆ ಕೆಮ್ಮೂ ಶುರುವಾಗುತ್ತದೆ. ಸುಗ್ಗಿ ಮುಗಿದರೆ ತಾನಾಗಿ ನಿಲ್ಲುತ್ತದೆಂದು ನಾವೆಲ್ಲ ನಂಬಿದ್ದೇವೆ. ಹಲವರಿಗೆ ನಿಲ್ಲುವುದೂ ಉಂಟು. ಕೆಲವರಿಗೆ ಮಾತ್ರ ನಿಲ್ಲದೆ, ವರ್ಷ ಕಳೆದಂತೆ ತೋಟದ ಏರು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುವಂತಾಗುತ್ತದೆ. ವೈದ್ಯರು ಚೀಟಿಯಲ್ಲಿ ಸಿ.ಒ.ಪಿ.ಡಿ. ಎಂದು ಬರೆಯುವ ಈ ದೀರ್ಘಕಾಲದ ಕಾಯಿಲೆ ಬೀಡಿ ಸೇದುವವರದ್ದು ಮಾತ್ರವೆಂಬ ಭಾವನೆ ಸರಿಯಲ್ಲ. ಬೀಡಿ ಮುಟ್ಟದಿದ್ದರೂ ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರಿಗೂ ಇದು ಬರುತ್ತದೆ.

ಹೊಗೆ ಎದೆಯೊಳಗೆ ಏನು ಮಾಡುತ್ತದೆ? ಚಿಮಣಿಯಲ್ಲಿ ಮಸಿ ಕಟ್ಟಿದಂತೆ ಉಸಿರಿನ ನಳಿಗೆ ಕಟ್ಟಿಹೋಗುತ್ತದೆಂದು ಅನೇಕರ ಎಣಿಕೆ. ಸಂಗತಿ ಹಾಗಿಲ್ಲ. ಹಾನಿಯಲ್ಲಿ ದೊಡ್ಡ ಪಾಲು ನಮ್ಮದೇ ಶರೀರದ ರಕ್ಷಕ ಕಣಗಳದ್ದು.

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಕಾವಲಿದ್ದು, ಒಳಬಂದ ಧೂಳನ್ನೂ ರೋಗಾಣುವನ್ನೂ ನುಂಗಿ ಜಾಗ ಚೊಕ್ಕಟ ಮಾಡುತ್ತಿರುತ್ತವೆ. ಹೊಗೆ ದಿನವೂ ನುಗ್ಗತೊಡಗಿದರೆ ಇವುಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಜೊತೆಗೆ ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳನ್ನು ಸಹಾಯಕ್ಕೆ ಕರೆಸುತ್ತವೆ. ನ್ಯೂಟ್ರೋಫಿಲ್‌ನ ಆಯುಧಗಳಲ್ಲಿ ಒಂದು ಎಲಾಸ್ಟೇಸ್ ಎಂಬ ಕಿಣ್ವ. ಅದು ಇರುವುದು ರೋಗಾಣುವಿಗಾಗಿ. ಹೊಗೆಯಲ್ಲಿ ರೋಗಾಣು ಎಲ್ಲಿಯದು? ಹೊರಚೆಲ್ಲಿದ ಕಿಣ್ವ ಗಾಳಿಗೂಡಿನ ಗೋಡೆಗೆ ಹಿಗ್ಗುವ ಕುಗ್ಗುವ ಗುಣ ಕೊಟ್ಟಿರುವ ನಾರನ್ನೇ ಕರಗಿಸುತ್ತದೆ. ಗೂಡುಗಳು ಒಡೆದು ಒಂದಾಗಿ ಜೋತುಬೀಳುತ್ತವೆ. ಒಳಗೆ ಹೋದ ಉಸಿರು ಹೊರಗೆ ಬರಲು ಒದ್ದಾಡುತ್ತದೆ. ಇದಕ್ಕೆ ಎಂಫಿಸೀಮ ಎಂದು ಹೆಸರು.

ಇದರ ಎಳೆ ಸಿಕ್ಕಿದ್ದು 1963ರಲ್ಲಿ, ಸ್ವೀಡನ್ನಿನ ಮಾಲ್ಮೊ ನಗರದಲ್ಲಿ. ಲಾರೆಲ್ ಮತ್ತು ಎರಿಕ್ಸನ್ ಎಂಬ ವೈದ್ಯರು ರೋಗಿಗಳ ರಕ್ತ ಪರೀಕ್ಷೆಯ ಪಟ್ಟಿಗಳನ್ನು ನೋಡುತ್ತಿದ್ದಾಗ, ಐವರಲ್ಲಿ ಒಂದು ಪ್ರೋಟೀನಿನ ಗೆರೆಯೇ ಕಾಣಲಿಲ್ಲ. ಆ ಐವರಲ್ಲಿ ಮೂವರಿಗೆ ಎಂಫಿಸೀಮ ಇತ್ತು. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಆ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುತ್ತದೆ. ಎಲಾಸ್ಟೇಸಿಗೆ ಕಡಿವಾಣ ಹಾಕುವುದು ಅದರ ಕೆಲಸವೆಂದು ಮುಂದೆ ತಿಳಿಯಿತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಅಮೆರಿಕದಲ್ಲಿ ಇಲಿಗಳ ಶ್ವಾಸಕೋಶಕ್ಕೆ ಪಪ್ಪಾಯಿ ಹಾಲಿನ ಕಿಣ್ವವಾದ ಪಪೇನ್ ಬಿಟ್ಟು ನೋಡಿದಾಗ ಇದೇ ರೋಗ ಕಾಣಿಸಿತು. ಮಾಂಸ ಬೇಗ ಬೇಯಲೆಂದು ಪಪ್ಪಾಯಿಕಾಯಿ ಹಾಕುವ ಮನೆಗಳವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹುಟ್ಟಿನಿಂದಲೇ ಆ ಪ್ರೋಟೀನಿನ ಕೊರತೆ ನಮ್ಮ ದೇಶದಲ್ಲಿ ಬಲು ಅಪರೂಪ. ಆದರೆ ತಂಬಾಕಿನ ಹೊಗೆ ಇದ್ದ ಪ್ರೋಟೀನನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ದಂಡನ್ನು ಕರೆಸುವುದೂ ಅದೇ, ಲಗಾಮು ಕೀಳುವುದೂ ಅದೇ.

ಬೀಡಿ ಬಿಟ್ಟು ವರ್ಷಗಳಾದರೂ ಕೆಮ್ಮು ಏಕೆ ಎಂದು ಸದಸ್ಯರು ಕೇಳುವುದುಂಟು. ಕರೆಸಿದ ಕಣಗಳು, ಮುಖ್ಯವಾಗಿ ಟಿ ಲಿಂಫೋಸೈಟುಗಳು, ಹೊಗೆ ನಿಂತ ಎಷ್ಟೋ ಕಾಲದ ಮೇಲೂ ಅಲ್ಲೇ ಬೀಡು ಬಿಟ್ಟಿರುತ್ತವೆ. ಹಾಗೆಂದು ಬಿಟ್ಟದ್ದು ವ್ಯರ್ಥವಲ್ಲ. ಕರಗಿದ ಗೋಡೆ ಮತ್ತೆ ಬೆಳೆಯದಿದ್ದರೂ, ಉಸಿರಿನ ಶಕ್ತಿ ಕುಂದುವ ವೇಗ ತಗ್ಗುತ್ತದೆ.

ಇನ್ನೊಂದು ಮಾತು. ಉಬ್ಬಸದಲ್ಲಿ ಸಾಮಾನ್ಯವಾಗಿ ಇಯೊಸಿನೊಫಿಲ್ ಎಂಬ ಬೇರೆ ಕಣಗಳ ಕಾರುಬಾರು. ಅವು ಸ್ಟೀರಾಯ್ಡ್ ಔಷಧಕ್ಕೆ ಚೆನ್ನಾಗಿ ಮಣಿಯುತ್ತವೆ. ನ್ಯೂಟ್ರೋಫಿಲ್ ಅಷ್ಟಾಗಿ ಮಣಿಯದು. ಹೊರಗಿನಿಂದ ನೋಡಿದರೆ ಎರಡೂ ದಮ್ಮೇ. ಆದ್ದರಿಂದ ಪಕ್ಕದ ಮನೆಯವರ ಇನ್‌ಹೇಲರನ್ನು ಕೇಳಿ ತಂದು ಎಳೆದುಕೊಳ್ಳುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಕೊಳವೆಯಲ್ಲಿ ಜೋರಾಗಿ ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಗೆ ಸೂಜಿಯೂ ಬೇಡ, ಹೆಚ್ಚು ಹೊತ್ತೂ ಬೇಡ. ಎರಡು ಸುಗ್ಗಿ ಕಳೆದರೂ ಕೆಮ್ಮು ಬಿಡದವರು, ಅದರಲ್ಲೂ ಒಲೆಯ ಮುಂದೆ ಕೂರುವ ಮನೆಯ ಹೆಂಗಸರು, ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬರುವ ಕೊಯ್ಲಿನೊಳಗೆ ಹಂಡೆಯ ಒಲೆಗೆ ಸೂರಿನಿಂದ ಮೇಲಕ್ಕೆ ಹೋಗುವ ಹೊಗೆಕೊಳವೆ ಹಾಕಿಸಿ, ಹಸಿ ಸೌದೆ ಉರಿಸುವುದನ್ನು ಬಿಟ್ಟರೆ ಎದೆಯೊಳಗೆ ಹೋಗುವ ಹೊಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.