ವಿಭಾಗವೂ ವರ್ಷಾಂತ್ಯದ ಲೆಕ್ಕ ಕೊಡಬೇಕು: ಕಾಲೇಜುಗಳಲ್ಲಿ ನಿರಂತರ ಸುಧಾರಣೆಯ ಯೋಜನೆ ಮತ್ತು ಮೌಲ್ಯಮಾಪನ

ಅಡಿಕೆ ವ್ಯಾಪಾರದಲ್ಲಿ ‘ಒಟ್ಟಾರೆ ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಸುಲಿದ ಚಾಲಿ ಅಂಗಡಿಗೆ ಬಂದೊಡನೆ ಅದನ್ನು ಹರಡಿ, ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಪ್ರತ್ಯೇಕ ದರ ಕಟ್ಟಲಾಗುತ್ತದೆ. ಕರಿಗೋಟಿನ ಪ್ರಮಾಣ ಹೆಚ್ಚಾದರೆ ಕೊಯ್ಲಿನಲ್ಲಿ ತಪ್ಪಾಯಿತೇ, ಒಣಗಿಸುವಾಗ ಮಳೆ ತಾಗಿತೇ ಎಂದು ಕೃಷಿಕನು ಕಾರಣ ಹುಡುಕುತ್ತಾನೆ. ಮುಂದಿನ ಹಂಗಾಮಿಗೆ ಅಂಗಳದಲ್ಲಿ ಸೋಲಾರ್ ಗೂಡು ಏಳುತ್ತದೆ. ಗುಣವನ್ನು ಅಳೆಯುವುದು, ದೋಷದ ಮೂಲವನ್ನು ಕಾಣುವುದು, ಕ್ರಮ ಕೈಗೊಳ್ಳುವುದು, ಮರುವರ್ಷ ಮತ್ತೆ ಅಳೆಯುವುದು: ನಿರಂತರ ಸುಧಾರಣೆ ಎಂದರೆ ಇಷ್ಟೇ.

ಸುಳ್ಯ ತಾಲೂಕಿನ ಐವರ್ನಾಡಿನಂತಹ ಗ್ರಾಮದ ಕುಟುಂಬವೊಂದು ಅದೇ ಅಡಿಕೆ, ರಬ್ಬರ್ ಮಾರಿದ ಹಣದಿಂದ ಮಕ್ಕಳನ್ನು ಬೆಳ್ಳಾರೆ, ಸುಳ್ಯ ಅಥವಾ ಪುತ್ತೂರಿನ ಕಾಲೇಜಿಗೆ ಕಳುಹಿಸುತ್ತದೆ. ಮೂರು ಅಥವಾ ನಾಲ್ಕು ವರ್ಷಗಳ ಈ ಹೂಡಿಕೆಯ ಫಲವನ್ನು ಅಳೆಯುವ ಕ್ರಮ ಮಾತ್ರ ಬಹುಪಾಲು ಉತ್ತೀರ್ಣರ ಶೇಕಡಾವಾರಿನಲ್ಲಿಯೇ ನಿಂತುಬಿಡುತ್ತದೆ. ಉತ್ತೀರ್ಣನಾದ ವಿದ್ಯಾರ್ಥಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅವನನ್ನು ಕೆಲಸಕ್ಕೆ ಸೇರಿಸಿಕೊಂಡ ವರ್ತಕನಿಗೆ ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ. ಆ ತಿಳಿವಳಿಕೆ ಕಾಲೇಜಿನ ವಿಭಾಗಕ್ಕೆ ಹಿಂದಿರುಗಿ ತಲುಪುತ್ತಿದೆಯೇ ಎಂಬುದೇ ಪ್ರಶ್ನೆ.

ಈ ಪ್ರದೇಶದ ಶಿಕ್ಷಣ ಸಂಸ್ಥೆಗಳು

ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು 1958ರಲ್ಲಿಯೂ ವಿವೇಕಾನಂದ ಕಾಲೇಜು 1965ರಲ್ಲಿಯೂ ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ (1928–2013) ನೇತೃತ್ವದಲ್ಲಿ 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು, 1986ರಲ್ಲಿ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು. ಬೆಳ್ಳಾರೆಯ ಸಮೀಪ ಪೆರುವಾಜೆಯಲ್ಲಿ ಡಾ. ಕೆ. ಶಿವರಾಮ ಕಾರಂತರ ಹೆಸರಿನ ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಕ್ಯಾಂಪ್ಕೋ 1973ರಲ್ಲಿ ಹುಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆದ ಕಾಲವೂ ಇದಕ್ಕೆ ಸಮೀಪದ್ದೇ. ವ್ಯಾಪಾರ ಮತ್ತು ವಿದ್ಯೆ ಇಲ್ಲಿ ಜೊತೆಯಾಗಿಯೇ ಬೆಳೆದಿವೆ. ಆದುದರಿಂದ ಕಾಲೇಜಿನ ಗುಣಮಟ್ಟವು ಅಧ್ಯಾಪಕರ ಕೊಠಡಿಗೆ ಮಾತ್ರ ಸೀಮಿತವಾದ ವಿಷಯವೆಂದು ವರ್ತಕ ಸಮುದಾಯ ಭಾವಿಸಬೇಕಾಗಿಲ್ಲ.

ಕಾರ್ಖಾನೆಯಿಂದ ಕಾಲೇಜಿಗೆ

ಯೋಜಿಸು, ಮಾಡು, ಪರಿಶೀಲಿಸು, ಸರಿಪಡಿಸು ಎಂಬ ನಾಲ್ಕು ಹೆಜ್ಜೆಗಳ ಚಕ್ರವು ಮೂಲತಃ ಕೈಗಾರಿಕೆಯದು. ಅಮೆರಿಕದ ವಾಲ್ಟರ್ ಶೂಹಾರ್ಟ್ ಅವರ ಚಿಂತನೆಯನ್ನು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರು ಬೆಳೆಸಿ, 1950ರಲ್ಲಿ ಜಪಾನಿನ ಉದ್ಯಮಿಗಳ ಮುಂದೆ ಉಪನ್ಯಾಸಗಳಲ್ಲಿ ವಿವರಿಸಿದರು. ಮರುವರ್ಷವೇ ಜಪಾನಿನಲ್ಲಿ ಡೆಮಿಂಗ್ ಪ್ರಶಸ್ತಿ ಆರಂಭವಾಯಿತು. ‘ಕೈಜೆನ್’ ಎಂಬ ಹೆಸರಿನಲ್ಲಿ ಅನೇಕ ಉದ್ಯಮಿಗಳು ಬಲ್ಲ ಪದ್ಧತಿಯೂ ಇದೇ ನೆಲದಲ್ಲಿ ಬೆಳೆದದ್ದು.

ಭಾರತದಲ್ಲಿ ಉನ್ನತ ಶಿಕ್ಷಣದ ಮೌಲ್ಯಮಾಪನಕ್ಕೆ 1994ರಲ್ಲಿ ಎರಡು ಸಂಸ್ಥೆಗಳು ಅಸ್ತಿತ್ವಕ್ಕೆ ಬಂದವು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ನ್ಯಾಕ್ ಇಡೀ ಸಂಸ್ಥೆಯನ್ನು ಅಳೆದರೆ, ಎನ್‌ಬಿಎ ತಾಂತ್ರಿಕ ಹಾಗೂ ವೃತ್ತಿ ಶಿಕ್ಷಣದ ಒಂದೊಂದು ಕೋರ್ಸನ್ನು ಪ್ರತ್ಯೇಕವಾಗಿ ಅಳೆಯುತ್ತದೆ. 2014ರ ಜೂನ್‌ನಲ್ಲಿ ಭಾರತವು ಎನ್‌ಬಿಎ ಮೂಲಕ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಮೇಲೆ ‘ಏನನ್ನು ಕಲಿಸಿದೆವು’ ಎಂಬುದಕ್ಕಿಂತ ‘ವಿದ್ಯಾರ್ಥಿ ಏನನ್ನು ಕಲಿತನು’ ಎಂಬುದು ಪರಿಶೀಲನೆಯ ಕೇಂದ್ರವಾಯಿತು. ವಿಶ್ವವಿದ್ಯಾಲಯಗಳಿಗೆ ಸಂಯೋಜಿತವಾದ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ಎನ್‌ಬಿಎ 2015ರಲ್ಲಿ ರೂಪಿಸಿದ ಸ್ವಯಂ ಮೌಲ್ಯಮಾಪನ ನಮೂನೆಯ ಒಟ್ಟು 1000 ಅಂಕಗಳಲ್ಲಿ ‘ನಿರಂತರ ಸುಧಾರಣೆ’ ಎಂಬ ಪ್ರತ್ಯೇಕ ಮಾನದಂಡಕ್ಕೆ 50 ಅಂಕಗಳಿದ್ದವು. ಅಂಕ ಕಡಿಮೆಯೆಂದು ತೋರಿದರೂ ಉಳಿದ ಮಾನದಂಡಗಳ ಸತ್ಯಾಸತ್ಯತೆ ಹೊರಬೀಳುವುದು ಈ ಭಾಗದಲ್ಲಿಯೇ.

ಯೋಜನೆ ಎಂದರೆ ಮುಂಗಡಪತ್ರ

ಯಾವುದೇ ಉದ್ಯಮದ ಮುಂಗಡಪತ್ರದಲ್ಲಿ ‘ಮಾರಾಟ ಹೆಚ್ಚಿಸುವುದು’ ಎಂದು ಬರೆದರೆ ಅದನ್ನು ಬ್ಯಾಂಕ್ ಒಪ್ಪುವುದಿಲ್ಲ. ಎಷ್ಟು, ಯಾವ ಸರಕಿನಲ್ಲಿ, ಯಾವ ತ್ರೈಮಾಸಿಕದೊಳಗೆ, ಯಾರ ಹೊಣೆ ಎಂಬುದು ಇರಲೇಬೇಕು. ವಿಭಾಗದ ಯೋಜನೆಗೂ ಇದೇ ನಿಯಮ ಅನ್ವಯಿಸುತ್ತದೆ. ‘ವಿದ್ಯಾರ್ಥಿಗಳ ಕೌಶಲ ವೃದ್ಧಿ’ ಎಂಬುದು ಗುರಿಯಲ್ಲ, ಆಶಯ ಮಾತ್ರ.

ಉದಾಹರಣೆಗೆ ವಾಣಿಜ್ಯ ವಿಭಾಗವೊಂದನ್ನು ಕಲ್ಪಿಸಿಕೊಳ್ಳಬಹುದು. ಅಂತಿಮ ವರ್ಷದಲ್ಲಿ 60 ವಿದ್ಯಾರ್ಥಿಗಳು. ತೆರಿಗೆ ವಿಷಯದ ಒಂದು ಕಲಿಕಾ ಫಲಿತ ಹೀಗಿದೆ: ‘ವಿದ್ಯಾರ್ಥಿಯು ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ವಿವರಗಳೊಂದಿಗೆ ತಾಳೆ ನೋಡಿ ವ್ಯತ್ಯಾಸಗಳನ್ನು ಗುರುತಿಸಬಲ್ಲನು.’ ಈ ಕೆಲಸದಲ್ಲಿ ಕನಿಷ್ಠ ಶೇ. 60 ಅಂಕ ಪಡೆಯುವವರು ತರಗತಿಯ ಶೇ. 60ರಷ್ಟಿರಬೇಕು, ಅಂದರೆ 36 ಮಂದಿ ಇರಬೇಕು ಎಂಬುದು ವರ್ಷಾರಂಭದಲ್ಲಿಯೇ ಲಿಖಿತವಾಗಿ ನಿಗದಿಯಾದ ಗುರಿ.

ಪರೀಕ್ಷೆಯಲ್ಲಿ ಆ ಮಟ್ಟ ಮುಟ್ಟಿದವರು 27 ಮಂದಿ, ಅಂದರೆ ಶೇ. 45. ಇಲ್ಲಿಗೆ ಅಳತೆ ಮುಗಿಯಿತು. ಮೌಲ್ಯಮಾಪನ ಈಗ ಆರಂಭವಾಗಬೇಕು. ಉಳಿದ 33 ಉತ್ತರ ಪತ್ರಿಕೆಗಳನ್ನು ಬಿಡಿಸಿ ನೋಡಿದಾಗ 21 ಮಂದಿ ಒಂದು ತಿಂಗಳ ಬಿಲ್ಲನ್ನು ಸರಬರಾಜುದಾರನು ಮರುತಿಂಗಳ ವಿವರದಲ್ಲಿ ತೋರಿಸಿದ ಪ್ರಕರಣಗಳಲ್ಲಿ ಎಡವಿದ್ದಾರೆ. 12 ಮಂದಿಗೆ ಕ್ರೆಡಿಟ್ ನೋಟಿನ ಅರ್ಥವೇ ತಿಳಿದಿಲ್ಲ ಎಂದು ಕಂಡುಬಂತೆನ್ನೋಣ. ಎರಡು ಬಗೆಯ ದೋಷ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ. ‘ಹೆಚ್ಚುವರಿ ತರಗತಿ ನಡೆಸಲಾಯಿತು’ ಎಂಬ ಒಂದೇ ಸಾಲು ಎರಡನ್ನೂ ಗುಣಪಡಿಸಲಾರದು.

ಸ್ಥಳೀಯ ವರ್ತಕರಿಂದ ಹೆಸರು ತೆಗೆದ ಹಳೆಯ ಬಿಲ್ಲುಗಳನ್ನು ಪಡೆದು ನಾಲ್ಕು ಪ್ರಾಯೋಗಿಕ ತರಗತಿಗಳನ್ನು ನಡೆಸಿ, ಬೇರೆ ಪ್ರಶ್ನೆಪತ್ರಿಕೆಯಿಂದ ಮರುಪರೀಕ್ಷೆ ಮಾಡಿದಾಗ 39 ಮಂದಿ, ಅಂದರೆ ಶೇ. 65, ಆ ಮಟ್ಟ ಮುಟ್ಟಿದರು. ಅನೇಕ ವಿಭಾಗಗಳು ಇಲ್ಲಿಯೇ ‘ಗುರಿ ಸಾಧಿಸಲಾಗಿದೆ’ ಎಂದು ಕಡತ ಮುಚ್ಚುತ್ತವೆ. ವಾಸ್ತವದಲ್ಲಿ ಇದು ಒಂದು ತಂಡದ ದೋಷವನ್ನು ತಿದ್ದಿದ್ದಷ್ಟೇ. ಪಾಠಕ್ರಮದಲ್ಲಿಯೇ ಸುಧಾರಣೆ ಆಯಿತೇ ಎಂಬುದು ಮರುವರ್ಷದ ತಂಡವು ಮೊದಲ ಯತ್ನದಲ್ಲಿ ಏನು ಮಾಡಿತು ಎಂಬುದರಿಂದ ತಿಳಿಯುತ್ತದೆ. ಆ ತಂಡದ 60 ಮಂದಿಯಲ್ಲಿ 33 ಮಂದಿ ಮುಟ್ಟಿದರೆ ಅದು ಶೇ. 55. ಶೇ. 45ರಿಂದ ಏರಿದೆ, ಗುರಿಯನ್ನು ಮುಟ್ಟಿಲ್ಲ. ಪ್ರಾಮಾಣಿಕ ವರದಿಯು ಇವೆರಡನ್ನೂ ಹೇಳುತ್ತದೆ. ಹಾಳಾದ ಸರಕನ್ನು ಮರುಸಂಸ್ಕರಿಸಿ ಮಾರುವುದಕ್ಕೂ ಯಂತ್ರವನ್ನೇ ಸರಿಪಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಸಣ್ಣ ಉದ್ದಿಮೆದಾರರಿಗೆ ವಿವರಿಸಬೇಕಾಗಿಲ್ಲ.

ಸ್ವಂತ ದಾಸ್ತಾನಿಗೆ ಸ್ವಂತ ಬೆಲೆ

ಅಳತೆಯ ಸಾಧನವೇ ಸಡಿಲವಾಗಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಯೋಜನೆಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 60 ಅಂಕಗಳಿದ್ದವು. 2022ರ ಯೋಜನೆಯಲ್ಲಿ ಎರಡಕ್ಕೂ 50 ಎಂದಾಯಿತು. ಆಂತರಿಕ ಅಂಕವು ಕಾಲೇಜು ತನ್ನ ದಾಸ್ತಾನಿಗೆ ತಾನೇ ಕಟ್ಟಿದ ಬೆಲೆಯಿದ್ದಂತೆ. ಅದರ ಪಾಲು ಹೆಚ್ಚಿದಷ್ಟೂ ವಿಭಾಗದ ಜವಾಬ್ದಾರಿಯೂ ಹೆಚ್ಚುತ್ತದೆ. ಆಂತರಿಕ ಅಂಕ ಸತತವಾಗಿ ಎತ್ತರದಲ್ಲಿದ್ದು, ಅದೇ ವಿಷಯದ ಹೊರಪರೀಕ್ಷೆಯ ಅಂಕ ತಗ್ಗಿನಲ್ಲಿದ್ದರೆ ಲೆಕ್ಕಪರಿಶೋಧಕನು ಮೊದಲು ಕೈಯಿಡುವ ಜಾಗ ಅದು.

ಇನ್ನೊಂದು ಎಚ್ಚರಿಕೆ ಪರೋಕ್ಷ ಅಳತೆಯದು. ಪರೀಕ್ಷೆಯ ಮೂಲಕ ದೊರೆಯುವ ನೇರ ಅಳತೆಗೆ ಶೇ. 80, ವಿದ್ಯಾರ್ಥಿಗಳ ಅಭಿಪ್ರಾಯ ಪತ್ರಿಕೆಯ ಪರೋಕ್ಷ ಅಳತೆಗೆ ಶೇ. 20 ತೂಕ ಕೊಡುವ ವಾಡಿಕೆ ಅನೇಕ ಕಡೆ ಇದೆ. ಮೂರರ ಮಾಪನದಲ್ಲಿ ನೇರ ಸಾಧನೆ 1.80 ಹಾಗೂ ಅಭಿಪ್ರಾಯದ ಸಾಧನೆ 2.50 ಇದ್ದರೆ ಒಟ್ಟು 1.94 ಆಗುತ್ತದೆ. ಗುರಿ 1.90 ಆಗಿದ್ದಲ್ಲಿ ಕಲಿಕೆಯಲ್ಲಿ ಸೋತ ವಿಭಾಗವು ಅಭಿಪ್ರಾಯದ ಬಲದಿಂದ ಗೆದ್ದಂತೆ ಕಾಣುತ್ತದೆ. ಆದುದರಿಂದ ಎರಡು ಅಂಕಿಗಳನ್ನೂ ಪ್ರತ್ಯೇಕವಾಗಿ ತೋರಿಸುವುದು ಲೇಸು.

ತರಗತಿ ಚಿಕ್ಕದಾಗಿದ್ದರೆ ಅಂಕಿಗಳನ್ನು ಮತ್ತಷ್ಟು ಜಾಗರೂಕತೆಯಿಂದ ಓದಬೇಕು. 20 ಮಂದಿಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯ ಫಲಿತಾಂಶವೇ ಶೇ. 5ರ ಏರಿಳಿತ ತರುತ್ತದೆ. ಅಂತಹ ಏರಿಕೆಯನ್ನು ಸುಧಾರಣೆಯೆಂದೂ ಇಳಿಕೆಯನ್ನು ಕುಸಿತವೆಂದೂ ಘೋಷಿಸುವ ಮುನ್ನ ಮೂರು ವರ್ಷಗಳ ಅಂಕಿಗಳನ್ನು ಒಟ್ಟಿಗೆ ನೋಡುವುದು ವಿವೇಕ.

ಪಠ್ಯಕ್ರಮ ಬದಲಾದಾಗ

ಮೂರು ವರ್ಷಗಳ ಹೋಲಿಕೆಗೆ ಕರ್ನಾಟಕದ ಪದವಿ ಕಾಲೇಜುಗಳಲ್ಲಿ ವಿಶೇಷ ತೊಡಕೊಂದು ಒದಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಪದವಿಯ ಚೌಕಟ್ಟು ಜಾರಿಗೆ ಬಂತು. 2024-25ರಿಂದ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ನಾಲ್ಕು ವರ್ಷಗಳೊಳಗೆ ಎರಡು ಬಾರಿ ಪಠ್ಯಕ್ರಮ ಬದಲಾದರೆ ಹಿಂದಿನ ಅಂಕಿಯನ್ನು ಇಂದಿನ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು.

ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸಿದ್ಧ ಪರಿಹಾರವಿದೆ. ದಾಸ್ತಾನಿನ ಮೌಲ್ಯ ಕಟ್ಟುವ ಪದ್ಧತಿಯನ್ನು ಬದಲಾಯಿಸಿದ ಸಂಸ್ಥೆಯು ಆ ಬದಲಾವಣೆಯನ್ನೂ ಅದರ ಪರಿಣಾಮವನ್ನೂ ಟಿಪ್ಪಣಿಯಲ್ಲಿ ತಿಳಿಸುತ್ತದೆ. ವಿಭಾಗವೂ ಹಾಗೆಯೇ ಮಾಡಬಹುದು. ಪಠ್ಯಕ್ರಮ ಯಾವುದೇ ಇರಲಿ, ವಾಣಿಜ್ಯ ಪದವೀಧರನಿಗೆ ಬರಲೇಬೇಕಾದ ಐದಾರು ಕೆಲಸಗಳನ್ನು ಗುರುತಿಸಿ, ಪ್ರತಿವರ್ಷವೂ ಸಮಾನ ಕಷ್ಟದ ಪ್ರಶ್ನೆಗಳಿಂದ ಅವನ್ನು ಅಳೆಯಬಹುದು. ಬ್ಯಾಂಕ್ ತಾಳೆಪಟ್ಟಿ, ದಾಸ್ತಾನು ಪುಸ್ತಕ, ವೇತನ ಪಟ್ಟಿ, ತೆರಿಗೆ ತಾಳೆ, ವ್ಯವಹಾರ ಪತ್ರ ಇವು ಯಾವ ನೀತಿಯಲ್ಲಿಯೂ ಅಪ್ರಸ್ತುತವಾಗವು.

ದೋಷವು ಎಲ್ಲಿ ನುಸುಳುತ್ತದೆ?

ಪರಿಶೀಲನಾ ತಂಡ ಬರುವ ತಿಂಗಳಲ್ಲಿ ಮೂರು ವರ್ಷಗಳ ಕಡತಗಳನ್ನು ಒಟ್ಟಿಗೆ ಬರೆಯುವುದು, ಗುರಿ ತಪ್ಪಿದ ವರ್ಷ ಗುರಿಯನ್ನೇ ಇಳಿಸುವುದು, ಪ್ರಶ್ನೆಪತ್ರಿಕೆಯನ್ನು ಸುಲಭಗೊಳಿಸುವುದು, ಒಂದೇ ಕ್ರಮವನ್ನು ಎಲ್ಲ ದೋಷಗಳಿಗೂ ಬರೆಯುವುದು: ಇವು ಸಾಮಾನ್ಯ ಲೋಪಗಳು. ವರ್ಷಾಂತ್ಯದಲ್ಲಿ ಕುಳಿತು ಇಡೀ ವರ್ಷದ ರೋಜನಾಮೆಯನ್ನು ಒಂದೇ ಶಾಯಿಯಲ್ಲಿ ಬರೆದ ವ್ಯಾಪಾರಿಯ ಪುಸ್ತಕವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ.

ಆದರೆ ಅಧ್ಯಾಪಕರ ಮೇಲೆಯೇ ಎಲ್ಲ ಹೊಣೆ ಹೊರಿಸುವುದು ನ್ಯಾಯವಲ್ಲ. ಸರಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಒಬ್ಬರು ಈ ವರ್ಷ ದೋಷವನ್ನು ಗುರುತಿಸಿ ಮರುವರ್ಷ ಬೇರೆಡೆಗೆ ಹೋದರೆ ಚಕ್ರವು ಅರ್ಧದಲ್ಲಿಯೇ ನಿಲ್ಲುತ್ತದೆ. ಆದುದರಿಂದ ಪ್ರತಿ ವಿಷಯಕ್ಕೂ ಎರಡು ಪುಟಗಳ ಹಸ್ತಾಂತರ ಟಿಪ್ಪಣಿ ಇರಬೇಕು: ಗುರಿ ಎಷ್ಟಿತ್ತು, ಸಾಧನೆ ಎಷ್ಟು, ಕಾರಣವೇನು, ಏನು ಮಾಡಲಾಯಿತು, ಏನು ಬಾಕಿ ಇದೆ. ನೂರು ಪುಟಗಳ ಕಡತಕ್ಕಿಂತ ಓದಲ್ಪಡುವ ಎರಡು ಪುಟಗಳೇ ಮೇಲು.

ವರ್ತಕರ ಪಾತ್ರ

ನ್ಯಾಕ್ ನಿಯಮಾವಳಿಯಂತೆ ಕಾಲೇಜುಗಳಲ್ಲಿ ರಚನೆಯಾಗುವ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲಿ ಸ್ಥಳೀಯ ಸಮಾಜ, ಹಳೆ ವಿದ್ಯಾರ್ಥಿಗಳು ಹಾಗೂ ಉದ್ಯೋಗದಾತರ ಪ್ರತಿನಿಧಿಗಳಿಗೆ ಸ್ಥಾನವಿದೆ; ಕೋಶವು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಉದ್ಯೋಗದಾತರ ಅಭಿಪ್ರಾಯ ಸಂಗ್ರಹವೂ ಮೌಲ್ಯಮಾಪನದ ಭಾಗವೇ. ಈ ಸ್ಥಾನದಲ್ಲಿ ಕುಳಿತ ವರ್ತಕನು ಚಹಾ ಕುಡಿದು, ನಡಾವಳಿಗೆ ಸಹಿ ಹಾಕಿ ಹಿಂದಿರುಗಿದರೆ, ಅಭಿಪ್ರಾಯ ಪತ್ರಿಕೆಯ ಎಲ್ಲ ಕಾಲಮುಗಳಲ್ಲಿಯೂ ‘ಉತ್ತಮ’ ಎಂದು ಗುರುತು ಹಾಕಿದರೆ, ಅವನು ಕಾಲೇಜಿಗೆ ಮಾಡಿದ್ದು ಉಪಕಾರವಲ್ಲ. ಮರುವರ್ಷ ಅದೇ ಕೊರತೆಯ ಯುವಕನು ಅವನ ಅಂಗಡಿಗೇ ಬರುತ್ತಾನೆ.

ಸಭೆಯಲ್ಲಿ ನಾಲ್ಕು ಪ್ರಶ್ನೆಗಳು ಸಾಕು. ಕಳೆದ ಸಭೆಯ ಯಾವ ನಿರ್ಣಯ ಜಾರಿಯಾಗಿದೆ? ಯಾವ ಕಲಿಕಾ ಫಲಿತದಲ್ಲಿ ಗುರಿ ತಪ್ಪಿದೆ? ಅದರ ಕಾರಣವನ್ನು ಯಾವ ದಾಖಲೆಯಿಂದ ಕಂಡುಕೊಳ್ಳಲಾಯಿತು? ಹೊಸ ತಂಡದ ಮೊದಲ ಯತ್ನದಲ್ಲಿ ಏನು ವ್ಯತ್ಯಾಸ ಕಂಡಿತು? ‘ಯಾವುದರಲ್ಲಿಯೂ ಗುರಿ ತಪ್ಪಿಲ್ಲ’ ಎಂಬ ಉತ್ತರ ಬಂದರೆ ಗುರಿಯೇ ತೀರ ತಗ್ಗಿನಲ್ಲಿದೆ ಎಂದು ಶಂಕಿಸಬೇಕು.

ಅಭಿಪ್ರಾಯವೂ ನಿರ್ದಿಷ್ಟವಾಗಿರಬೇಕು. ‘ಹುಡುಗ ಪರವಾಗಿಲ್ಲ’ ಎಂಬುದರಿಂದ ವಿಭಾಗಕ್ಕೆ ಪ್ರಯೋಜನವಿಲ್ಲ. ‘ನಗದು ಪುಸ್ತಕ ಸರಿಯಾಗಿ ಬರೆಯುತ್ತಾನೆ, ಬ್ಯಾಂಕ್ ತಾಳೆಪಟ್ಟಿ ಮಾಡಲು ಬರಲಿಲ್ಲ, ಕಲಿಸಲು ಮೂರು ವಾರ ಹಿಡಿಯಿತು’ ಎಂಬ ಮೂರು ಸಾಲುಗಳು ಒಂದು ಪಾಠಯೋಜನೆಯನ್ನೇ ಬದಲಿಸಬಲ್ಲವು. ಹಳೆಯ ಬಿಲ್ಲುಗಳು, ಬಳಕೆಯಾದ ದಾಸ್ತಾನು ಪುಸ್ತಕಗಳು, ತಿಂಗಳಿಗೆ ಎರಡು ಗಂಟೆಗಳ ಸಮಯ ಇವನ್ನು ಒದಗಿಸುವುದು ಸಣ್ಣ ವರ್ತಕನಿಗೂ ಭಾರವಾಗದು.

ಮಾನ್ಯತೆಯ ಪದ್ಧತಿಗಳು ಬದಲಾಗುತ್ತಲೇ ಇರುತ್ತವೆ. ಶ್ರೇಣಿಗಳ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಫಲಿತಾಂಶಗಳ ವ್ಯವಸ್ಥೆಗೆ ಸಾಗುವ ಸುಧಾರಣೆಯನ್ನು ನ್ಯಾಕ್ 2024ರಲ್ಲಿ ಪ್ರಕಟಿಸಿತು. ನಮೂನೆ ಯಾವುದಾದರೂ, ವಿಭಾಗವು ತನ್ನ ಕೊರತೆಯನ್ನು ತಾನೇ ಬರೆದುಕೊಂಡು ಮರುವರ್ಷ ಅದನ್ನು ಎದುರಿಟ್ಟು ನೋಡುವ ಅಭ್ಯಾಸಕ್ಕೆ ಪರ್ಯಾಯವಿಲ್ಲ. ಐವರ್ನಾಡಿನ ಕೃಷಿಕನು ಕರಿಗೋಟಿನ ರಾಶಿಯನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಅಂಗಡಿಯ ನೆಲದ ಮೇಲೆ ಅದು ಹೇಗೂ ಕಾಣುತ್ತದೆಂದು ಅವನು ಬಲ್ಲ. ಅವನ ಮಕ್ಕಳಿಗೆ ಕಲಿಸುವ ವಿಭಾಗಗಳೂ ಅಷ್ಟೇ ನೇರವಾಗಿ ತಮ್ಮ ಲೆಕ್ಕವನ್ನು ಮುಂದಿಡಲಿ. ಅದನ್ನು ಓದಿ ಪ್ರಶ್ನಿಸುವ ಸೌಜನ್ಯವನ್ನು ವರ್ತಕ ಸಮುದಾಯವೂ ತೋರಲಿ.